ಅಳಿಸಿಹೋದ ಹಪ್ಪಳದ ಮಾತು

ಕಂಪ್ಯೂಟರಿನಿಂದ ಬೇಕಾದದ್ದು ಅಳಿಸಿಹೋಯಿತು ಎಂದು ಗೊತ್ತಾದ ಕೂಡಲೇ ಮಾಡಬೇಕಾದ ಕೆಲಸ ಒಂದೇ. ಪ್ಲಗ್ ಕಿತ್ತು ಕೈಕಟ್ಟಿ ಕೂತುಬಿಡಬೇಕು. ಒಂದು ಕೀಲಿಯನ್ನೂ ಒತ್ತಬಾರದು. ಈ ಮಾತನ್ನು ನಾನು ಕೊಪ್ಪದಲ್ಲಿ ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಝೆರಾಕ್ಸ್ ಮಾಡಿಸಲು ಬಂದವರು ನನ್ನ ಮುಖ ನೋಡಿ, "ಆಯ್ತು ಮಾರಾಯ್ರೆ, ನಮ್ಮ ಮನೇಲಿ ಕಂಪ್ಯೂಟ್ರೇ ಇಲ್ಲ" ಎಂದು ಚಿಲ್ಲರೆ ಎಣಿಸಿಕೊಂಡು ಹೋಗಿದ್ದೂ ಇದೆ. ಹೋಗಲಿ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂಬುದು ನನಗೆ ಗೊತ್ತು, ಅದಕ್ಕೇ ಹೇಳುತ್ತೇನೆ.

ಕಂಪ್ಯೂಟರಿಗೆ ಮೊದಲು ನಾನು ಅಚ್ಚುಮೊಳೆ ಜೋಡಿಸುವವನಾಗಿದ್ದೆ. ಕಾಲಲ್ಲಿ ತುಳಿಯುವ ಪ್ರೆಸ್ಸು, ಮರದ ಖಾನೆಗಳಲ್ಲಿ ಸೀಸದ ಅಕ್ಷರಗಳು. ಒಂದು ಮದುವೆ ಕಾಗದ ಅಚ್ಚಾದ ತಕ್ಷಣ ಅದರ ಮೊಳೆ ಬಿಚ್ಚಿ, ಒಂದೊಂದನ್ನೂ ಅದರದರ ಖಾನೆಗೆ ಹಾಕಬೇಕು. ಇಲ್ಲದಿದ್ದರೆ ಮುಂದಿನ ಕಾಗದಕ್ಕೆ ಅಕ್ಷರ ಸಾಲುವುದಿಲ್ಲ. ಯಜಮಾನರು ದಿನಾ ಸಂಜೆ ಬಂದು ಜೋಡಿಸಿಟ್ಟ ಚೌಕಟ್ಟು ಉಳಿದಿದೆಯೇ ಎಂದು ನೋಡುತ್ತಿದ್ದರು, ಉಳಿದಿದ್ದರೆ ಬೈಗುಳ. ಹದಿನಾರನೇ ವಯಸ್ಸಿನಿಂದ ಹದಿನೈದು ವರ್ಷ ಹಾಗೆ ಬಿಚ್ಚಿ ಹಾಕಿದ ಕೈ ಇದು. ಕೆಲಸ ಮುಗಿದದ್ದು ಜಾಗ ಹಿಡಿದು ಕೂತಿದ್ದರೆ ನನಗೆ ಈಗಲೂ ಕೈ ತುರಿಸುತ್ತದೆ.

ಪ್ರೆಸ್ಸಿನ ಕಾಲ ಮುಗಿಯುತ್ತಾ ಬಂದಾಗ, ಯಜಮಾನರಿಗೂ ಮೊದಲೇ ಅದನ್ನು ವಾಸನೆ ಹಿಡಿದು, ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮೇಲಕ್ಕೆ ಒಂದು ಮಳಿಗೆ ಹಿಡಿದೆ. ನರಸಿಂಹರಾಜಪುರದಲ್ಲಿ ರೇಡಿಯೊ ರಿಪೇರಿಯಿಂದ ಕಂಪ್ಯೂಟರಿಗೆ ಬಂದಿದ್ದ ಒಬ್ಬ ಮೆಕ್ಯಾನಿಕ್ ಇದ್ದರು. ಅವರ ಹತ್ತಿರ ಒಂದು ಹಳೆಯ ಕಂಪ್ಯೂಟರಿಗೆ ಮೂರು ಸಲ ಹೋಗಿ ಚೌಕಾಸಿ ಮಾಡಿದೆ. ಮೂರನೇ ಸಲ ಅವರು ಸೋತು, "ಇಷ್ಟು ಕಡಿಮೆಗೆ ಬೇಕು ಅಂದ್ರೆ ವಿಂಡೋಸ್ ಮರೆತುಬಿಡಿ. ಲಿನಕ್ಸ್ ಹಾಕಿಕೊಡ್ತೀನಿ. ಅದಕ್ಕೆ ದುಡ್ಡಿಲ್ಲ, ಗಿರಾಕಿಗಳು ತರೋ ವೈರಸ್ಸೂ ಅದಕ್ಕೆ ಅಂಟಲ್ಲ" ಅಂದರು. ದುಡ್ಡಿಲ್ಲ ಎಂದ ಮೇಲೆ ಮುಂದಿನದು ನನಗೆ ಕೇಳಿಸಲೇ ಇಲ್ಲ. ಆದರೆ ಅವರು ಹೇಳಿದ್ದು ನಿಜವಾಯಿತು. ಅಕ್ಕಪಕ್ಕದ ಅಂಗಡಿಗಳ ಕಂಪ್ಯೂಟರುಗಳು ವಾರಕ್ಕೊಮ್ಮೆ ಮಲಗುತ್ತಿದ್ದಾಗ ನನ್ನದು ನಡೆಯುತ್ತಲೇ ಇತ್ತು. ಮದುವೆ ಕಾಗದ, ಗ್ರಾಮ ಪಂಚಾಯಿತಿಯ ಅರ್ಜಿ, ಫೋಟೋ ಆಲ್ಬಮ್ಮು. ಆಲ್ಬಮ್ ಮಾಡಿಸಲು ಬಂದವರಿಗೆಲ್ಲ ನಾನು ಎರಡು ಸಿ.ಡಿ. ಹಾಕಿಸಿಕೊಳ್ಳಲು ಹೇಳುತ್ತಿದ್ದೆ. "ಒಂದು ನೋಡೋಕೆ, ಒಂದು ಬೀರುವಿಗೆ. ಕಂಪ್ಯೂಟರನ್ನ ನಂಬಬೇಡಿ ಮಾರಾಯ್ರೆ." ನಂಬಿ ಎರಡೆರಡು ಒಯ್ದವರೇ ಎಲ್ಲರೂ.

ಆ ವರ್ಷಗಳಲ್ಲೇ ನನ್ನ ಹೆಂಡತಿಗೆ ಗಂಟಲಿನ ಕಾಯಿಲೆ ಬಂತು. ಅವಳು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಧ್ವನಿ ಒಡೆದಾಗ ಹಾಡಿದ್ದು ಜಾಸ್ತಿಯಾಯಿತು ಎಂದುಕೊಂಡೆವು. ಶುಂಠಿ ಕಷಾಯ, ಕಾಳುಮೆಣಸು, ಜೇನುತುಪ್ಪ ಎಂದು ನಾಲ್ಕು ತಿಂಗಳು ಕಳೆದೆವು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಡಾಕ್ಟರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಮೂರು ವಾರದ ನಂತರದ ದಿನ ಕೊಟ್ಟರು. ನಾನು ಅಲ್ಲೂ ಚೌಕಾಸಿಗೆ ನಿಂತೆ. ಸ್ವಲ್ಪವಾದರೂ ಉಳಿಸಿ ಎಂದೆ. ಡಾಕ್ಟರು ಅವಳ ಕಡೆ ತಿರುಗಿ, "ನಿಮಗೇನಾದರೂ ಕೇಳೋದಿದೆಯಾ?" ಅಂದರು. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದಳು. "ಅಮ್ಮನಿಗೆ ನಾನು ಬಂದದ್ದು ಹೇಗ್ರೀ ಗೊತ್ತಾಗುತ್ತೆ?"

ನನ್ನ ಅತ್ತೆ ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣು ಹೋಗಿ ಆರು ವರ್ಷವಾಗಿತ್ತು. ಮನೆ ತುಂಬ ಜನ, ಮೊಮ್ಮಕ್ಕಳು, ಯಾವುದಕ್ಕೂ ಕೊರತೆಯಿಲ್ಲ. ಆದರೆ ಅವರಿಗೆ ಪ್ರತಿಯೊಬ್ಬರೂ ಒಂದೊಂದು ಧ್ವನಿ ಮಾತ್ರ. ಪ್ರತಿ ಭಾನುವಾರ ಹತ್ತು ಗಂಟೆಗೆ ಮಗಳ ಫೋನಿಗಾಗಿ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು.

ಹಾಗಾಗಿ ಆ ಮೂರು ವಾರದಲ್ಲಿ, ಅಂಗಡಿ ಬಾಗಿಲೆಳೆದುಕೊಂಡು, ನನ್ನ ಕಂಪ್ಯೂಟರಿಗೆ ಒಂದು ಮೈಕು ಸಿಕ್ಕಿಸಿ, ಅವಳು ಅಮ್ಮನಿಗಾಗಿ ಮಾತಾಡಿದಳು. ಹಾಡು ಹಾಡು ಎಂದು ನಾನು ಸಲಹೆ ಕೊಟ್ಟೆ. "ಹಾಡು ರೇಡಿಯೋದಲ್ಲೂ ಬರುತ್ತೆ, ನೀವು ಸುಮ್ನಿರಿ" ಅಂದಳು. ಅವಳು ಹೇಳಿದ್ದೆಲ್ಲ ದಿನಬಳಕೆಯ ಮಾತು. "ಅಮ್ಮಾ, ನಾನು." "ಎಂತ ಸಾರು ಇವತ್ತು?" "ಕಣ್ಣಿಗೆ ಹನಿ ಬಿಡಿಸ್ಕೊಂಡ್ಯಾ, ಸುಳ್ಳು ಹೇಳ್ಬೇಡ." "ಇಡ್ತೀನಮ್ಮಾ, ಇವರಿಗೆ ಊಟ ಆಗಿಲ್ಲ." ಒಡೆದ ಧ್ವನಿಯೇ, ಆದರೂ ಅವಳದ್ದೇ. ಒಂದಿಷ್ಟು ಉದ್ದದ್ದೂ ಇದ್ದವು. ಅದರಲ್ಲೊಂದು ಹಪ್ಪಳದ ಕಥೆ: ಚಿಕ್ಕವಳಿದ್ದಾಗ ಗದ್ದೆಗೆ ಬುತ್ತಿ ಒಯ್ಯುವ ದಾರಿಯಲ್ಲಿ ಹಪ್ಪಳ ಪೂರ್ತಿ ತಿಂದವಳು ತಾನೇ, ಏಟು ತಿಂದದ್ದು ಮಾತ್ರ ಮನೆಯ ನಾಯಿ ಎಂದು ಮೂವತ್ತು ವರ್ಷದ ಮೇಲೆ ತಪ್ಪೊಪ್ಪಿಗೆ. ಇಪ್ಪತ್ತಮೂರು ತುಣುಕು ಆದವು. ಅಳಬಾರದು ಎಂದು ಹಠ ಹಿಡಿದಿದ್ದಳು, ಅತ್ತದ್ದನ್ನು, ಹಾಳಾದದ್ದನ್ನೆಲ್ಲ ಅಳಿಸಿ ಮತ್ತೆ ಹೇಳಿದಳು.

ಆಪರೇಶನ್ ಆದ ಮೇಲೆ ಭಾನುವಾರ ಹತ್ತು ಗಂಟೆಗೆ ನಾನು ಅಂಗಡಿಯ ಫೋನಿನಿಂದ ನಾರ್ವೆಗೆ ಹಚ್ಚಿ ರಿಸೀವರನ್ನು ಸ್ಪೀಕರಿನ ಬಾಯಿಗೆ ಹಿಡಿಯುವುದು, ಅವಳು ಒಂದೊಂದೇ ತುಣುಕು ಒತ್ತುವುದು. ಮಧ್ಯೆ ಅತ್ತೆ ಮಾತಾಡಲು ಜಾಗ ಬಿಡುತ್ತಿದ್ದಳು. ಅತ್ತೆಗೆ ಎಲ್ಲ ಗೊತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ. ಆದರೂ "ಎಂತ ಸಾರು ಇವತ್ತು?" ಎಂದು ಕೇಳಿದರೆ "ಕೆಸುವಿನ ಸೊಪ್ಪಿಂದು ಮಾರಾಯ್ತಿ" ಎಂದು ಹೊಸದಾಗಿ ಕೇಳಿದ ಹಾಗೆಯೇ ಉತ್ತರ ಕೊಡುತ್ತಿದ್ದರು. ಕೊನೆಗೆ ಪ್ರತಿ ವಾರ, "ಆ ಹಪ್ಪಳದ್ದು ಹಾಕಿ" ಎನ್ನುವರು. ಕೇಳಿ ನಗುವರು. "ಕಳ್ಳಿ! ಪಾಪದ ನಾಯಿಗೆ ಹೊಡೆಸಿದ್ಯಲ್ಲೇ!" ಈ ಕಡೆ ನನ್ನ ಹೆಂಡತಿ ಕತ್ತಿನ ರಂಧ್ರದ ಮೇಲೆ ಬಟ್ಟೆ ಸರಿಮಾಡಿಕೊಂಡು ಶಬ್ದವಿಲ್ಲದೆ ನಗುವಳು.

ಮಾತಿನ ಬದಲು ಈಗ ಅವಳ ಕೈಯಲ್ಲಿ ಅಂಗನವಾಡಿಯದೊಂದು ಸ್ಲೇಟು. ಅದರಲ್ಲಿ ಅವಳು "ಸಿ.ಡಿ. ಮಾಡಿ" ಎಂದು ಎಷ್ಟು ಸಲ ಬರೆದಳೋ. ಮದುವೆ ಸೀಸನ್ ಮುಗಿಯಲಿ ಅಂದೆ. ಊರಿಗೆಲ್ಲ ಎರಡೆರಡು ಸಿ.ಡಿ. ಮಾರಿದವನು ನಾನು.

ಅದು ಮದುವೆ ತಿಂಗಳ ಒಂದು ಶನಿವಾರ. ಶೃಂಗೇರಿಯಲ್ಲಿ ನಡೆದ ಒಂದು ದೊಡ್ಡ ಮದುವೆಯ ಫೋಟೋಗಳನ್ನು ಫೋಟೋಗ್ರಾಫರು ನಾಲ್ಕು ಕಾರ್ಡು ತುಂಬ ತಂದಿದ್ದರು. ಬೇರೆ ಅಂಗಡಿಗೆ ಹೋಗುತ್ತಿದ್ದ ಆ ಕೆಲಸವನ್ನು ಮಾತಾಡಿ ಮಾತಾಡಿ ನನ್ನ ಕಡೆಗೆ ಎಳೆದುಕೊಂಡಿದ್ದೆ. ಡಿಸ್ಕಿನಲ್ಲಿ ಜಾಗ ಇರಲಿಲ್ಲ. ಹಳೆಯ ಕೈ ತುರಿಸಿತು. ಮೊಳೆ ಬಿಚ್ಚಲು ಕೂತೆ. ಮುಗಿದ ಆಲ್ಬಮ್ಮುಗಳನ್ನು ತೆಗೆಯುತ್ತಾ ಹೋದಾಗ ಕಂಡಿತು: "ಅಮ್ಮ" ಎಂಬ ಫೋಲ್ಡರು ಎರಡು ಕಡೆ ಇದೆ. ಒಂದು, ಹೆಂಡತಿ ಒತ್ತಲು ಸುಲಭವಾಗಲಿ ಎಂದು ಪರದೆಯ ಮೇಲೆ. ಇನ್ನೊಂದು, ಒಳಗೆ, ಮೆಕ್ಯಾನಿಕ್ ಎರಡು ಪಾಲು ಮಾಡಿಕೊಟ್ಟಿದ್ದ ಡಿಸ್ಕಿನ ದೊಡ್ಡ ಭಾಗದಲ್ಲಿ. ಎರಡನ್ನೂ ತೆರೆದು ನೋಡಿದೆ. ಅವೇ ಇಪ್ಪತ್ತಮೂರು. ಒಂದೇ ಸಾಮಾನು ಎರಡು ಕಡೆ ಯಾಕೆ? ಒಳಗಿನದನ್ನು ಅಳಿಸಿದೆ. ಕಸದ ಬುಟ್ಟಿಗೂ ಹಾಕಲಿಲ್ಲ, ಬುಟ್ಟಿಯೂ ಜಾಗ ತಿನ್ನುತ್ತದೆ ಎಂದು ನೇರವಾಗಿ ಅಳಿಸುವುದು ನನ್ನ ಕ್ರಮ. ಖಾಲಿಯಾದ ಜಾಗಕ್ಕೆ ಅರ್ಧ ಗಂಟೆಯಲ್ಲಿ ಶೃಂಗೇರಿಯ ಮದುವೆ ಪೂರ್ತಿ ಬಂದು ಕೂತಿತು.

ಪರದೆಯ ಮೇಲಿನದು ಫೋಲ್ಡರೇ ಅಲ್ಲ, ದಾರಿ ತೋರಿಸುವ ಒಂದು ಗುರುತು ಎಂದು ನನಗೆ ಗೊತ್ತಿರಲಿಲ್ಲ. ಅದರ ಮೂಲೆಯಲ್ಲಿ ಸಣ್ಣ ಬಾಣವೊಂದು ಇತ್ತು. ಅದನ್ನು ದಿನಾ ನೋಡಿದ್ದೆ, ಅಲಂಕಾರ ಅಂದುಕೊಂಡಿದ್ದೆ. ಊರನ್ನು ಕಿತ್ತುಹಾಕಿ, ಅದರ ದಾರಿ ತೋರುವ ಕೈಮರ ಉಳಿಸಿಕೊಂಡಿದ್ದೆ.

ಭಾನುವಾರ ಹತ್ತು ಗಂಟೆಗೆ ನಾರ್ವೆಗೆ ಫೋನು ಹಚ್ಚಿದೆ. ಅತ್ತೆ ಎತ್ತಿದರು. "ಹಾಂ, ಶುರು ಮಾಡಿ" ಅಂದರು. ಹೆಂಡತಿ ಒತ್ತಿದಳು. ಪರದೆಯಲ್ಲಿ ಏನೋ ಎಚ್ಚರಿಕೆಯ ಚೌಕ ಬಂತು. ಮತ್ತೆ ಒತ್ತಿದಳು. ಮತ್ತೆ ಅದೇ. ಅವಳು ನನ್ನ ಕಡೆ ನೋಡಲಿಲ್ಲ, ಆ ಚೌಕವನ್ನೇ ನೋಡುತ್ತಾ ಇದ್ದಳು. ರಿಸೀವರಿನಿಂದ "ಎಂತ, ಕೇಳ್ತಾ ಇಲ್ಲ" ಎಂದು ಅತ್ತೆಯ ದನಿ. ಲೈನು ಸರಿ ಇಲ್ಲ ಅತ್ತೆ ಎಂದು ಸುಳ್ಳು ಹೇಳಿ ಇಟ್ಟೆ.

"ನಿನ್ನೆ ಎಂತ ಮಾಡಿದ್ರಿ?" ಎಂದು ಸ್ಲೇಟಿನಲ್ಲಿ ಬರೆದಳು.

ಹೇಳಿದೆ. ಅವಳು ಸ್ಲೇಟು ಒರೆಸಲಿಲ್ಲ. ಅದನ್ನು ಹಾಗೆಯೇ ಮೇಜಿನ ಮೇಲಿಟ್ಟು ಮನೆಗೆ ಹೋದಳು.

ಆಮೇಲೆ ನಾನು ಮಾಡಿದ್ದೇ ದೊಡ್ಡ ತಪ್ಪು. ಕೈಕಟ್ಟಿ ಕೂರುವ ಜನ್ಮ ಅಲ್ಲವಲ್ಲ. ಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಹುಡುಕಿ, ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರು ಎಂದು ಕಂಡದ್ದನ್ನೆಲ್ಲ ಅದೇ ಡಿಸ್ಕಿಗೆ ಇಳಿಸಿದೆ. ಒಂದಾಗದಿದ್ದರೆ ಇನ್ನೊಂದು. ಒಂದು ನಡೆಯಬೇಕಾದರೆ ಜೊತೆಗೆ ಬೇರೆಯದೂ ಬೇಕು ಅಂದಿತು, ಅದಕ್ಕೆಂದು ಮತ್ತೆರಡು ಇಳಿಸಿದೆ. ಹಿಂದಿನ ದಿನ ಇಳಿಸಿದ ಫೋಟೋಗಳನ್ನು ಅಳಿಸಿದರೆ ಅಡಿಯಲ್ಲಿದ್ದದ್ದು ಮೇಲೆ ಬಂದೀತು ಎಂದು ಅವನ್ನೂ ಅಳಿಸಿ, ಮತ್ತೆ ಹೆದರಿ, ಮತ್ತೆ ಕಾರ್ಡಿನಿಂದ ತುಂಬಿಸಿದೆ. ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಬೆವರು ಸುರಿಸಿ ಏನೋ ಭಾರಿ ಕೆಲಸ ಮಾಡಿದ ಸಮಾಧಾನ ಬೇರೆ.

ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದೆ. ಪ್ರತಿ ತಿರುವಿನಲ್ಲೂ ಅದು ಅಲುಗಾಡದಂತೆ ಅವುಚಿಕೊಂಡಿದ್ದೆ. ಪಕ್ಕದವರು "ಎಂತ, ಕೂಸನ್ನ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀರಿ" ಅಂದರು. ನಗಲಿಲ್ಲ ನಾನು.

ಮೆಕ್ಯಾನಿಕ್ ಎಲ್ಲ ಕೇಳಿದರು. "ಅಳಿಸಿದ್ದು ಶನಿವಾರ. ಆಫ್ ಮಾಡಿದ್ದು?"

"ನಿನ್ನೆ ರಾತ್ರಿ ಮಲಗೋ ಮುಂಚೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಮೊಳೆ ಜೋಡಿಸ್ತಿದ್ದವರಲ್ವಾ? ಹಾಗೇ ಹೇಳ್ತೀನಿ. ಅಳಿಸಿದ್ರೆ ಖಾನೆಯ ಮೇಲಿನ ಹೆಸರಿನ ಚೀಟಿ ಮಾತ್ರ ಹೋಗುತ್ತೆ. ಒಳಗಿನ ಮೊಳೆ ಅಲ್ಲೇ ಇರುತ್ತೆ. ಬೇರೆ ಮೊಳೆ ತಂದು ಅದೇ ಖಾನೆಗೆ ಸುರಿದಾಗಲೇ ಅದು ಹೋಗೋದು."

"ಅಂದ್ರೆ ಶನಿವಾರವೇ ಹೋಯ್ತಾ?"

"ಶನಿವಾರ ದೊಡ್ಡ ಭಾಗದ್ದು ಹೋಯ್ತು. ಆದ್ರೆ ನಾನು ಸೆಟ್ ಮಾಡಿಕೊಟ್ಟ ಹಾಗೆ ಮೊದಲು ರೆಕಾರ್ಡ್ ಆಗೋದು ಚಿಕ್ಕ ಭಾಗದಲ್ಲಿ. ಆಮೇಲೆ ಅಲ್ಲಿಂದ ದೊಡ್ಡದಕ್ಕೆ ಸಾಗಿಸಿದ್ದೀರಿ. ಚಿಕ್ಕ ಭಾಗದಲ್ಲಿ ಅದರ ಮೊಳೆ ಹಾಗೇ ಉಳಿದಿರಬೇಕಿತ್ತು. ನಿನ್ನೆ ಇಳಿಸಿದಿರಲ್ಲ, ಆ ಸಾಫ್ಟ್‌ವೇರೆಲ್ಲ ಹೋಗಿ ಕೂತಿದ್ದು ಅಲ್ಲೇ." ಕನ್ನಡಕ ಮತ್ತೆ ಏರಿಸಿಕೊಂಡು ಅಂದರು, "ನಿನ್ನೆ ಬೆಳಿಗ್ಗೆ ಪ್ಲಗ್ ಕಿತ್ತು ತಂದಿದ್ರೆ…"

ಅಷ್ಟಕ್ಕೆ ನಿಲ್ಲಿಸಿದರು. ಒಳ್ಳೆಯ ಮನುಷ್ಯ.

ಅವರು ಡಿಸ್ಕನ್ನು ಬಿಚ್ಚಿ, ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಮೇಲೆ ಒಂದಕ್ಷರವೂ ಬರೆಯದ ಹಾಗೆ ಮಾಡಿ, ಮೊದಲು ಇಡೀ ಡಿಸ್ಕಿನ ನಕಲು ಇನ್ನೊಂದು ಡಿಸ್ಕಿಗೆ ತೆಗೆಯಲು ಹಚ್ಚಿದರು. ಹುಡುಕುವುದು ಆ ನಕಲಿನಲ್ಲಿ. ಅದೇ ಸರಿಯಾದ ಕ್ರಮ, ನೆನಪಿಡಿ. ಗುರುವಾರ ಬನ್ನಿ ಅಂದರು. ಖರ್ಚೆಷ್ಟು ಎಂದು ಕೇಳಲು ಬಾಯಿ ತೆರೆದವನು ಮುಚ್ಚಿದೆ. ಜೀವನದಲ್ಲಿ ಮೊದಲ ಸಲ ರೇಟು ಕೇಳದೆ ಒಂದು ಅಂಗಡಿಯಿಂದ ಹೊರಗೆ ಬಂದೆ.

ಆ ಮೂರು ದಿನ, ನಾನು ಅಂಗಡಿಯಿಂದ ತಂದಿಟ್ಟ ಸ್ಲೇಟು ಮನೆಯಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು. ಅವಳು ಅನ್ನ ಬಡಿಸಿದಳು, ಬಟ್ಟೆ ಮಡಿಸಿದಳು, ನಾನು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದಳು. ಬರೆಯಲಿಲ್ಲ. ಮಾತಿಲ್ಲದವಳು ಮಾತು ಬಿಡುವುದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ಮಾತು ಬರುವವರು ಮುನಿಸಿಕೊಂಡರೆ ಪಾತ್ರೆಯನ್ನಾದರೂ ಕುಕ್ಕುತ್ತಾರೆ, ಇವಳು ಅದನ್ನೂ ಮಾಡಲಿಲ್ಲ.

ಗುರುವಾರ ಹೊರಟಾಗ ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಹೋದೆವು.

ಸಿಕ್ಕಿದ ಫೈಲುಗಳಿಗೆ ಹೆಸರಿರಲಿಲ್ಲ. ಬರೀ ನಂಬರು, ಸಾವಿರಗಟ್ಟಲೆ. ಯಾರ್ಯಾರದೋ ಮದುವೆ ಕಾಗದದ ಗಣಪತಿ, ಅರ್ಧ ಮುಖದ ಮದುಮಗಳು, ಯಾವುದೋ ಕಾಲದ ಪಂಚಾಯಿತಿ ಅರ್ಜಿ. ನಾನು ವರ್ಷಗಳಿಂದ ಬಿಚ್ಚಿ ಎಸೆದದ್ದೆಲ್ಲ ಎದ್ದು ಬಂದಿತ್ತು. ಬೇಡದ್ದು ಅಷ್ಟೂ ಉಳಿದಿತ್ತು. ಧ್ವನಿಯ ಫೈಲು ಹನ್ನೊಂದು ಎಂದು ಮೆಕ್ಯಾನಿಕ್ ಪಟ್ಟಿ ತೋರಿಸಿ ನನ್ನ ಹೆಂಡತಿಗೆ ಹೆಡ್‌ಫೋನು ಕೊಟ್ಟರು.

ನಾನು ಅವಳ ಮುಖ ನೋಡುತ್ತಾ ಕೂತೆ. ಒಂದು ಕೇಳಿದಳು, ಅಲ್ಲ ಎಂದಳು. ಸಿನಿಮಾ ಹಾಡಿರಬೇಕು. ಎರಡು, ಮೂರು, ಅಲ್ಲ. ನಾಲ್ಕನೆಯದು ಬರೀ ಗರಗರ. ಏಳು, ಎಂಟು. ಒಂಬತ್ತನೆಯದಕ್ಕೆ ಅವಳ ಕೈ ಕತ್ತಿಗೆ ಹೋಯಿತು. ಕಣ್ಣು ಮುಚ್ಚಿಕೊಂಡಳು. ಸಿಕ್ಕಿತು ಎಂದು ನಾನು ಎದ್ದೇ ನಿಂತೆ. ಆದರೆ ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಗಂಟಾಯಿತು. ಪೂರ್ತಿ ಕೇಳಿ, ಹೆಡ್‌ಫೋನು ತೆಗೆದು, ಮೆಲ್ಲಗೆ ನನ್ನ ಕಿವಿಗೆ ಹಾಕಿದಳು.

"ಅಮ್ಮಾ, ನಾನು. ನಿನ್ ಹತ್ರ ಒಂದು ಹೇಳ್ಬೇಕಿತ್ತು. ಬೈಬಾರ್ದು. ನೆನಪಿದ್ಯಾ, ನೀನು ಗದ್ದೆಗೆ ಬುತ್ತಿ ಕೊಟ್ಟು ಕಳಿಸ್ತಿದ್ಯಲ್ಲ, ಹಪ್ಪಳ…" ಅಲ್ಲಿಗೆ ಫೋನಿನ ಗಂಟೆ. ಆಮೇಲೆ ಒಂದು ದಪ್ಪ ದನಿ. "ಹಾಂ, ಹೇಳಿ ಮಾರಾಯ್ರೆ! ಪ್ರಿಂಟರ್ರಾ? ಇದೆ ಇದೆ. ಹಳೇದು ಅಂದ್ರೆ ಎಂತ ಹಳೇದು, ಹೊಸದು ನಾಚಬೇಕು! ಬಾಳೆಹೊನ್ನೂರಿಂದ ಬರೋ ಬಸ್ ಚಾರ್ಜೂ ಬೇಕಿದ್ರೆ ಕಳೀರಿ, ಅದಕ್ಕಿಂತ ಕೆಳಗೆ ಇಳಿಯೋ ಮಾತೇ ಇಲ್ಲ…" ಎರಡು ನಿಮಿಷ ಅದೇ. ಅದರ ಅಡಿಯಲ್ಲಿ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ, ನಾಯಿ, ಏಟು, ಹಪ್ಪಳ. ನಿಲ್ಲಿಸದೆ ಹೇಳಿ ಮುಗಿಸಲು ನೋಡಿದ್ದಳು. ಕೊನೆಗೆ ಸ್ಪಷ್ಟವಾಗಿ, "ಅಯ್ಯೋ, ಹಾಳಾಯ್ತು. ಒಂದ್ ನಿಮಿಷ ಸುಮ್ನಿರಕ್ಕಾಗಲ್ವೇನ್ರೀ ನಿಮಗೆ?"

ಹಾಳಾಯಿತೆಂದು ಅವತ್ತೇ ಅಳಿಸಿ, ಮತ್ತೆ ಹೇಳಿದ್ದಳಲ್ಲ, ಆ ಮೊದಲಿನದು. ಚೆನ್ನಾಗಿದ್ದ ಇಪ್ಪತ್ತಮೂರರಲ್ಲಿ ಒಂದೂ ಸಿಗಲಿಲ್ಲ. ಉಳಿದೆರಡು ಫೈಲೂ ಬೇರೆಯವರದ್ದೇ.

"ಇದರಿಂದ ನನ್ನ ದನಿ ತೆಗೆಯಕ್ಕಾಗುತ್ತಾ?" ಎಂದು ಮೆಕ್ಯಾನಿಕ್ಕನ್ನು ಕೇಳಿದೆ.

"ಕಲಸಿದ ಅನ್ನ ಮಾರಾಯ್ರೆ" ಅಂದರು. ಕೂಲಿ ತೆಗೆದುಕೊಳ್ಳಲಿಲ್ಲ. ಕೇಳುವ ಮೊದಲೇ ಎರಡು ಸಿ.ಡಿ. ಮಾಡಿ ಕೈಗಿಟ್ಟರು.

ಭಾನುವಾರ ಹತ್ತು ಗಂಟೆ. ಅತ್ತೆಗೆ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. "ಉಳಿದದ್ದು ಹಾಕಿ" ಅಂದರು. ಹೆಂಡತಿ ಒತ್ತಿದಳು. ನಾನು ರಿಸೀವರು ಹಿಡಿದು ನಿಂತು ನನ್ನ ದನಿಯನ್ನು ನಾನೇ ಕೇಳಿದೆ. ಮುಗಿಯಿತು. "ಇನ್ನೊಂದ್ಸಲ." ಹಾಕಿದಳು. "ಇನ್ನೊಂದ್ಸಲ." ಮೂರನೆಯದು ಮುಗಿದ ಮೇಲೆ ಅತ್ತೆ ಬಹಳ ಮರ್ಯಾದೆಯಿಂದ ಕೇಳಿದರು, "ನಿಮ್ಮ ದನಿ ಒಂಚೂರು ಕಡಿಮೆ ಮಾಡಕ್ಕಾಗುತ್ತಾ?"

"ಇಲ್ಲ ಅತ್ತೆ. ಎರಡೂ ಒಂದರೊಳಗೊಂದು ಸೇರಿಹೋಗಿದೆ."

"ಹಂ. ಹಾಗಾದ್ರೆ ಇರ್ಲಿ."

ಆಮೇಲೆ ಪ್ರತಿ ಭಾನುವಾರ ಅದೊಂದೇ. ಅವರೀಗ ನಗುತ್ತಿರಲಿಲ್ಲ. ಅಡಿಯ ದನಿಗೆ ಕಿವಿ ಕೊಡುತ್ತಾ, ನನ್ನ ಒಂದೊಂದು ಮಾತನ್ನೂ ಪಕ್ಕಕ್ಕೆ ಸರಿಸಿ ಕೇಳುತ್ತಿದ್ದರೋ ಏನೋ. ಸುಮಾರು ಎರಡು ತಿಂಗಳಾದ ಮೇಲೆ ಒಂದು ದಿನ, ಕೇಳಿ ಮುಗಿಸಿ, ಫೋನಿಡುವ ಮೊದಲು ಅತ್ತೆ ಕೇಳಿದರು.

"ಆ ಪ್ರಿಂಟರು ಕಡೆಗೆ ಕೊಟ್ರಾ ಬಾಳೆಹೊನ್ನೂರಿನವರಿಗೆ?"

"ಕೊಟ್ಟೆ ಅತ್ತೆ."

"ನೀವು ಹೇಳಿದ ರೇಟಿಗೆ?"

ಹೆಂಡತಿ ಕುರ್ಚಿಯಿಂದ ನನ್ನ ಕಡೆ ತಿರುಗಿದಳು. ಸುಳ್ಳು ಹೇಳಬಹುದಿತ್ತು.

"ಇಲ್ಲ. ಅವರು ಕೇಳಿದ ರೇಟಿಗೇ."

ಆ ಕಡೆ ಜಗಲಿಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಹಾಗಾದ್ರೆ ಅಷ್ಟೊತ್ತು ಮಾತಾಡಿದ್ದೆಂತಕ್ಕೆ?" ಅಂದರು.